ಚಿಟಿಕೆ ಕಬ್ಬಿಣ

ಕಳೆದ ವರ್ಷ ಶ್ರಾವಣದಲ್ಲಿ, ಒಂದು ಸೀಸೆಯ ಸಲುವಾಗಿ ನಮ್ಮ ಮನೆಯಲ್ಲಿ ಮೂರು ದಿನ ಮಾತು ನಿಂತಿತ್ತು. ಮಗಳಿಗೆ ಟೈಫಾಯಿಡ್. ಹತ್ತು ದಿನದ ಜ್ವರದಲ್ಲಿ ಹುಡುಗಿ ಬಿಳಿಚಿಕೊಂಡು ಹೋಗಿದ್ದಳು. ಅಮ್ಮ ಕಬ್ಬಿಣದ ಟಾನಿಕ್ಕು ತರಿಸಿ, ಚಮಚ ಹಿಡಿದು ನಿಂತರು. ಡಾಕ್ಟರು ಮಾತ್ರ, "ಈಗ ಬೇಡ, ಜ್ವರ ಪೂರ್ತಿ ಬಿಡಲಿ" ಎಂದಿದ್ದರು. ನಾನು ಸೀಸೆಯನ್ನು ಕಸಿದುಕೊಂಡೆ.

"ರಕ್ತವಿಲ್ಲದ ಮಗುವಿಗೆ ಕಬ್ಬಿಣ ಬೇಡ ಅನ್ನೋ ಡಾಕ್ಟರು ಯಾವನೋ?" ಎಂದು ಒಳಗೆ ಹೋದ ಅಮ್ಮ ಮತ್ತೆ ನನ್ನೊಡನೆ ಮಾತಾಡಲಿಲ್ಲ.

ಅವರ ಕೋಪಕ್ಕೆ ಕಾರಣವಿತ್ತು. ಅವರ ಅಕ್ಕ ಮೈಯಲ್ಲಿ ರಕ್ತ ಸಾಲದೆ ಬಾಣಂತಿತನದಲ್ಲಿ ತೀರಿಕೊಂಡಿದ್ದರು. ಆ ಬಿಳುಪನ್ನು ಒಮ್ಮೆ ಕಂಡ ಕಣ್ಣು ಮೊಮ್ಮಗಳ ಮುಖದಲ್ಲಿ ಅದನ್ನೇ ಕಂಡು ಸುಮ್ಮನಿರುವುದು ಹೇಗೆ? ನನಗಾದರೋ ಡಾಕ್ಟರ ಮಾತಿನಲ್ಲಿ ನಂಬಿಕೆಯಿತ್ತೇ ಹೊರತು ಅದರ ಅರ್ಥ ಗೊತ್ತಿರಲಿಲ್ಲ. ರಾತ್ರಿ ಮಗಳ ಹಾಸಿಗೆಯ ಪಕ್ಕದಲ್ಲಿ ಕುಳಿತು ಓದತೊಡಗಿದೆ.

ದೊಡ್ಡವರ ಮೈಯಲ್ಲಿರುವ ಕಬ್ಬಿಣ ಒಟ್ಟು 3–4 ಗ್ರಾಂ. ಒಂದು ಮೊಳೆಗೆ ಆದೀತು. ಅದರಲ್ಲಿ ಬಿಡಿಯಾಗಿ ಸಿಕ್ಕುವುದು ಇಲ್ಲವೆನ್ನುವಷ್ಟು ಕಡಮೆ. ಹೆಚ್ಚಿನದು ಹೀಮೊಗ್ಲೋಬಿನ್‌ನಲ್ಲಿ ಸೇರಿಕೊಂಡಿರುತ್ತದೆ. ಉಳಿತಾಯ ಫೆರಿಟಿನ್ ಎಂಬ ಪ್ರೋಟೀನಿನಲ್ಲಿ. ರಕ್ತದ ದಾರಿಯಲ್ಲಿ ಸಾಗುವುದನ್ನು ಟ್ರಾನ್ಸ್‌ಫೆರಿನ್ ಬಿಗಿಯಾಗಿ ಹಿಡಿದಿರುತ್ತದೆ. ಈ ಬಿಗಿತನ ಬರಿಯ ಜಿಪುಣತನವಲ್ಲ. 1944ರಲ್ಲಿ ಷೇಡ್ ಮತ್ತು ಕ್ಯಾರೊಲೈನ್ ಎಂಬಿಬ್ಬರು ಹಸಿ ಮೊಟ್ಟೆಯ ಬಿಳಿಯ ಲೋಳೆ ಆಮಶಂಕೆಯ ಬ್ಯಾಕ್ಟೀರಿಯಾವನ್ನು ಬೆಳೆಯಗೊಡುವುದಿಲ್ಲವೆಂದು ತೋರಿಸಿದರು. ಅದಕ್ಕೆ ಕಬ್ಬಿಣ ಬೆರೆಸಿದರೋ, ಮತ್ತೆ ಬೆಳೆಯತೊಡಗಿತು! ಲೋಳೆ ವಿಷ ಹಾಕಿರಲಿಲ್ಲ. ಉಪವಾಸ ಕೆಡವಿತ್ತು, ಅಷ್ಟೆ.

ಬ್ಯಾಕ್ಟೀರಿಯಾ ಉಪವಾಸವಿರಲು ಒಪ್ಪುತ್ತದೆಯೇ? ನಮ್ಮ ಕರುಳಿನಲ್ಲೇ ಇರುವ ಇ. ಕೋಲಿಯನ್ನು ನೋಡಿ. ಅದು ಎಂಟೆರೊಬ್ಯಾಕ್ಟಿನ್ ಎಂಬ ಸಣ್ಣ ಕಣವನ್ನು ತಯಾರಿಸಿ ಹೊರಗೆ ಬಿಡುತ್ತದೆ. ಈ ಕಣ ಎಲ್ಲಿದ್ದರೂ ಕಬ್ಬಿಣವನ್ನು ಹಿಡಿದು ತರುತ್ತದೆ. ಒಳಗೆ ಬಂದ ಮೇಲೆ ಕಣವನ್ನು ಒಡೆದು ಕಬ್ಬಿಣ ತೆಗೆದುಕೊಳ್ಳುತ್ತದೆ, ಕೊಡ ಒಡೆದು ನೀರು ಕುಡಿದ ಹಾಗೆ. ದುಬಾರಿ ಕೆಲಸ. ಸಾಲದ್ದಕ್ಕೆ, ಕಬ್ಬಿಣ ಹೆಚ್ಚಾದರೆ ಅದೇ ವಿಷ. ಜೀವಕೋಶದಲ್ಲಿ ಹುಟ್ಟುವ ಹೈಡ್ರೊಜನ್ ಪೆರಾಕ್ಸೈಡಿನೊಡನೆ ಕೂಡಿ ಡಿಎನ್ಎಯನ್ನೇ ಕಡಿಯುತ್ತದೆ. ಆದ್ದರಿಂದ ಅದಕ್ಕೂ ಒಬ್ಬ ಉಗ್ರಾಣಿಯಿದ್ದಾನೆ: ಫರ್ ಎಂಬ ಪ್ರೋಟೀನು. ಒಳಗೆ ಕಬ್ಬಿಣ ಸಾಕಷ್ಟಿದ್ದರೆ ಅದು ಫರ್‌ಗೆ ಅಂಟಿಕೊಳ್ಳುತ್ತದೆ. ಫರ್ ಹೋಗಿ ಡಿಎನ್ಎ ಮೇಲೆ ಕುಳಿತು, ಎಂಟೆರೊಬ್ಯಾಕ್ಟಿನ್ ತಯಾರಿಯ ಬಾಗಿಲಿಗೆ ಬೀಗ ಹಾಕುತ್ತದೆ. ಕಬ್ಬಿಣ ತೀರಿತೋ, ಫರ್‌ನ ಹಿಡಿತ ಸಡಿಲುತ್ತದೆ, ಬೀಗ ಬಿಚ್ಚುತ್ತದೆ, ಬೇಟೆ ಸುರುವಾಗುತ್ತದೆ. ತಿಂಗಳ ಕೊನೆಯಲ್ಲಿ ಡಬ್ಬಿ ಅಲ್ಲಾಡಿಸಿ ನೋಡಿ ಅಂಗಡಿಗೆ ಚೀಟಿ ಬರೆಯುವ ನಮ್ಮ ಅಮ್ಮನ ಲೆಕ್ಕಾಚಾರವೇ ಇದು.

ನಮ್ಮ ಮೈಯೇನು ಸುಮ್ಮನಿದ್ದೀತೇ? ಸೋಂಕು ತಗುಲಿದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಕಳಿಸುತ್ತದೆ. ಕರುಳಿನಿಂದ ರಕ್ತಕ್ಕೆ ಕಬ್ಬಿಣ ಬರುವ ಬಾಗಿಲು ಮುಚ್ಚುತ್ತದೆ. ಎಂಟೆರೊಬ್ಯಾಕ್ಟಿನ್ ಕಣಗಳನ್ನೇ ಹಿಡಿದು ಕಟ್ಟಿಹಾಕುವ ಇನ್ನೊಂದು ಪ್ರೋಟೀನೂ ಇದೆ. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಕುಲದವರು ಇದಕ್ಕೂ ಉಪಾಯ ಕಂಡಿದ್ದಾರೆ: ಕಣಕ್ಕೆ ಸಕ್ಕರೆ ಅಂಟಿಸಿ ಕೈಗೆ ಸಿಕ್ಕದಂತೆ ಮಾಡುತ್ತಾರೆ!

ಮಗಳ ಮುಖ ನೋಡಿದೆ. ಆ ಬಿಳುಪಿನಲ್ಲಿ ಒಂದು ಪಾಲು ಮೈ ತಾನೇ ಬೇಕೆಂದು ಹಾಕಿಕೊಂಡ ಬೀಗ. ಈಗ ಟಾನಿಕ್ಕು ಕುಡಿಸಿದರೆ ಹೆಚ್ಚಿನದು ರಕ್ತಕ್ಕೇ ಸೇರದು; ಸೇರಿದಷ್ಟು ಯಾರ ಪಾಲಿಗೆ ಹೋದೀತೆಂದು ಹೇಳುವಂತಿಲ್ಲ.

ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಅಮ್ಮನ ಮುಂದೆ ಕುಳಿತು ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಕಳ್ಳ ಮನೆಯೊಳಗಿದ್ದಾಗ ಉಗ್ರಾಣ ತೆಗೀಬಾರದು ಅಂತೀಯ" ಎಂದರು. ಆಮೇಲೆ ಮೆಲ್ಲಗೆ, "ನಮ್ಮಕ್ಕನಿಗೆ ಜ್ವರ ಇರಲಿಲ್ಲ ಕಣೋ. ಬರೀ ರಕ್ತ ಇರಲಿಲ್ಲ. ಕೊಡೋರೂ ಇರಲಿಲ್ಲ."

ನಾನು ಓದಿದ್ದರಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಸೀಸೆಯನ್ನು ತಂದು ಅವರ ಕೈಗೇ ಕೊಟ್ಟೆ. ಅಲಮಾರಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡರು. ಜ್ವರ ಬಿಟ್ಟು, ಡಾಕ್ಟರು ತಾವೇ ಟಾನಿಕ್ಕು ಬರೆದುಕೊಟ್ಟ ದಿನ, ಮೊದಲ ಚಮಚವನ್ನು ಹಿಡಿದವರು ಅವರೇ.