ಎದುರು ಮನೆಯ ಕಿಟಕಿಗಳು

ನಮ್ಮ ಪ್ರಾಚೀನ ನಾಟ್ಯಶಾಸ್ತ್ರಕಾರರು ಕಥಾವಸ್ತುವಿನ ಅಂಗಗಳನ್ನು ಹೇಳುವಾಗ ‘ಪತಾಕೆ’ ಮತ್ತು ‘ಪ್ರಕರಿ’ ಎಂಬ ಎರಡನ್ನು ಹೆಸರಿಸುತ್ತಾರೆ. ಮುಖ್ಯ ಕಥೆಯ ಜೊತೆಜೊತೆಗೇ ದೂರದವರೆಗೆ ಸಾಗುವ ಉಪಕಥೆ ಪತಾಕೆ. ಸ್ವಲ್ಪ ಹೊತ್ತು ಕಾಣಿಸಿಕೊಂಡು ಮರೆಯಾಗುವ ಸಣ್ಣ ಪ್ರಸಂಗ ಪ್ರಕರಿ. ರಾಮಕಥೆಯೊಳಗಿನ ಸುಗ್ರೀವನ ವೃತ್ತಾಂತ ಪತಾಕೆಗೆ ಪ್ರಸಿದ್ಧ ನಿದರ್ಶನ. ಪಾಠ ಹೇಳುವಾಗ ನಾನು ಮಕ್ಕಳನ್ನು ಕೇಳುತ್ತಿದ್ದೆ: ರಾಮನಿಗೆ ನೆರವಾಗಲು ಸುಗ್ರೀವನೇ ಏಕೆ ಬರಬೇಕು? ಅವನೂ ರಾಜ್ಯವನ್ನೂ ಹೆಂಡತಿಯನ್ನೂ ಕಳೆದುಕೊಂಡು ಬೆಟ್ಟ ಸೇರಿದವನು. ರಾಮನು ತನ್ನ ದುಃಖವನ್ನೇ ಅವನಲ್ಲಿ ಕಾಣುತ್ತಾನೆ. ಉಪಕಥೆಯೆಂಬುದು ಮುಖ್ಯ ಕಥೆಗೆ ಹಿಡಿದ ಕನ್ನಡಿ.

ಈ ಮಾತಿಗೆ ನಾನು ಕಂಡ ಅತ್ಯುತ್ತಮ ಆಧುನಿಕ ಉದಾಹರಣೆ ಆಲ್ಫ್ರೆಡ್ ಹಿಚ್‌ಕಾಕ್ 1954ರಲ್ಲಿ ನಿರ್ಮಿಸಿ ನಿರ್ದೇಶಿಸಿದ ‘ರಿಯರ್ ವಿಂಡೋ’. ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್ ಎಂಬ ಬಡಾವಣೆಯಲ್ಲಿ ಕಥೆ ನಡೆಯುತ್ತದೆ. ಜೆಫ್ (ಜೇಮ್ಸ್ ಸ್ಟೂವರ್ಟ್) ಪತ್ರಿಕಾ ಛಾಯಾಗ್ರಾಹಕ. ಕಾರು ಪಂದ್ಯದ ಚಿತ್ರ ತೆಗೆಯಲು ಹೋಗಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಗಾಲಿಕುರ್ಚಿಯಲ್ಲಿ ಕುಳಿತಿದ್ದಾನೆ. ಹೊತ್ತು ಹೋಗದೆ ಹಿಂದಿನ ಅಂಗಳದಾಚೆಯ ಮನೆಗಳ ಕಿಟಕಿಗಳನ್ನು ನೋಡುತ್ತಾ, ಅಲ್ಲೊಂದು ಕೊಲೆ ನಡೆದಿದೆಯೆಂದು ಶಂಕಿಸುತ್ತಾನೆ. ಅವನನ್ನು ಪ್ರೀತಿಸುವವಳು ಲೀಸಾ (ಗ್ರೇಸ್ ಕೆಲ್ಲಿ). ಫ್ಯಾಷನ್ ಲೋಕದಲ್ಲಿ ದುಡಿಯುವ ಚೆಲುವೆ. ಆಕೆಗೆ ಮದುವೆಯ ಹಂಬಲ, ಇವನಿಗೆ ಅದರ ಭಯ.

ಈ ಚಿತ್ರಕ್ಕೆ ಆಧಾರ 1942ರಲ್ಲಿ ಪ್ರಕಟವಾದ ಕಾರ್ನೆಲ್ ವುಲ್‌ರಿಚ್ ಅವರ ಒಂದು ಸಣ್ಣಕಥೆ. ಆ ಕಥೆಯಲ್ಲಿ ಲೀಸಾ ಇಲ್ಲ, ಪ್ರೇಮವೂ ಇಲ್ಲ. ಚಿತ್ರಕಥೆ ಬರೆದ ಜಾನ್ ಮೈಕಲ್ ಹೇಯ್ಸ್ ಮತ್ತು ಹಿಚ್‌ಕಾಕ್ ಪ್ರೇಮವನ್ನು ಮಧ್ಯದಲ್ಲಿಟ್ಟು, ಸುತ್ತಲಿನ ಒಂದೊಂದು ಕಿಟಕಿಯನ್ನೂ ಅದಕ್ಕೆ ಕನ್ನಡಿಯಾಗಿಸಿದರು. ಒಂದು ಕಿಟಕಿಯಲ್ಲಿ ನವದಂಪತಿಗಳು. ಪರದೆ ಇಳಿಬಿಟ್ಟು ಒಳಗಿದ್ದವರಲ್ಲಿ ಗಂಡ ಮಾತ್ರ ಆಗಾಗ ಕಿಟಕಿಗೆ ಬಂದು ನಿಟ್ಟುಸಿರು ಬಿಡುತ್ತಾನೆ. ಇನ್ನೊಂದರಲ್ಲಿ ನರ್ತಕಿ, ಅವಳ ಸುತ್ತ ಸದಾ ಗಂಡಸರು. ಅವಳ ಮನೆ ನಿನ್ನ ಮನೆಯಂತೆಯೇ ಎಂದು ಜೆಫ್ ಲೀಸಾಳನ್ನು ಕೆಣಕುತ್ತಾನೆ. ಅವಳು ಅವರಲ್ಲಿ ಒಬ್ಬನನ್ನೂ ಪ್ರೀತಿಸುತ್ತಿಲ್ಲ ಎಂದು ಲೀಸಾ ಹೇಳಿದಾಗ, ಇಲ್ಲಿಂದ ನಿನಗೆ ಹೇಗೆ ತಿಳಿಯಿತು ಎಂದು ಕೇಳುತ್ತಾನೆ. ಅದು ನನ್ನ ಮನೆಯಂತಿದೆ ಎಂದವನು ನೀನೇ ಅಲ್ಲವೇ ಎಂಬುದು ಅವಳ ಉತ್ತರ.

ಕೆಳಗಿನ ಮನೆಯ ಒಂಟಿ ಹೆಂಗಸು ಇಬ್ಬರಿಗೆ ಊಟದ ಮೇಜು ಅಣಿಗೊಳಿಸಿ, ಇಲ್ಲದ ಅತಿಥಿಯನ್ನು ಬಾಗಿಲಲ್ಲಿ ಸ್ವಾಗತಿಸಿ, ಅವನಿಗಾಗಿ ಪಾನಪಾತ್ರೆ ಎತ್ತುತ್ತಾಳೆ. ಈಚೆ ಕತ್ತಲಲ್ಲಿ ಜೆಫ್ ಕೂಡ ಅವಳತ್ತ ತನ್ನ ಪಾತ್ರೆಯನ್ನು ಎತ್ತುತ್ತಾನೆ. ಪ್ರೀತಿಸುವವಳು ಅದೇ ಕೋಣೆಯಲ್ಲಿದ್ದಾಳೆ. ಇವನ ಕಣ್ಣು ಅಂಗಳದಾಚೆ ಇದೆ. ಇಂಥ ಒಂಟಿತನದ ಚಿಂತೆ ನಿನಗಿಲ್ಲ ಎಂದು ಅವನೆಂದಾಗ, ನನ್ನ ಮನೆ ಇಲ್ಲಿಂದ ಕಾಣುತ್ತದೆಯೇ ಎಂದು ಲೀಸಾ ಕೇಳುತ್ತಾಳೆ. ಆ ಒಂದು ಪ್ರಶ್ನೆಯಲ್ಲಿ ಎಷ್ಟು ನೋವಿದೆ!

ಇನ್ನು ಕೊಲೆ ನಡೆಯುವ ಥಾರ್ವಾಲ್ಡ್ ದಂಪತಿಗಳ ಮನೆ. ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ಗಂಡ ಹೂವಿಟ್ಟು ಊಟದ ತಟ್ಟೆ ತಂದರೆ, ಅವಳು ಆ ಹೂವನ್ನು ಎತ್ತಿ ಬಿಸಾಡುತ್ತಾಳೆ. ಅದೇ ಸಂಜೆ ಈಚೆ ಮನೆಯಲ್ಲಿ ಲೀಸಾ ಹೆಸರಾಂತ ಹೋಟೆಲಿನಿಂದ ಊಟ ತರಿಸಿ ಬಡಿಸುತ್ತಾಳೆ. ಎಂದಿನಂತೆ ಎಲ್ಲವೂ ಪರಿಪೂರ್ಣ ಎಂದು ಜೆಫ್ ಹೇಳುವ ಧಾಟಿಯೂ ಹೂವನ್ನು ಬಿಸಾಡಿದಂತೆಯೇ ಇದೆ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವಂತೆ ಇಲ್ಲಿ ಗಂಡುಹೆಣ್ಣಿನ ಸ್ಥಾನ ಅದಲುಬದಲಾಗಿದೆ. ಅಲ್ಲಿ ಮಲಗಿದವಳು ಹೆಂಡತಿ, ಓಡಾಡುವವನು ಗಂಡ. ಇಲ್ಲಿ ಕುಳಿತವನು ಗಂಡಸು, ಓಡಾಡುವವಳು ಹೆಣ್ಣು. ಜೆಫ್ ಕಣ್ಣಿಟ್ಟು ನೋಡುತ್ತಿರುವುದು ಕೊಲೆಗಾರನನ್ನು. ಆದರೆ ಆ ಮನೆಯಲ್ಲಿ ಅವನ ಸ್ಥಿತಿಯಲ್ಲಿರುವವಳು ಕೊಲೆಯಾದವಳು.

ಕೆಲವು ವರ್ಷಗಳ ಹಿಂದೆ ನನ್ನ ಶ್ರೀಮತಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಮೂರು ತಿಂಗಳು ಮಲಗಿದ್ದಳು. ಬೇಸರ ಕಳೆಯಲೆಂದು ಅವಳ ಮಂಚದ ಎದುರಿಗೆ ಟಿವಿ ಇಟ್ಟು ಈ ಚಿತ್ರವನ್ನು ಇಬ್ಬರೂ ನೋಡಿದೆವು. ಮುಗಿದ ಮೇಲೆ ಅವಳು ಒಂದೇ ಮಾತು ಕೇಳಿದಳು: “ಆ ಮಲಗಿದ್ದವಳಿಗಾಗಿ ಯಾರಾದರೂ ಅತ್ತರೇ?” ನಿಜ, ಯಾರೂ ಅಳುವುದಿಲ್ಲ. ಪುಟ್ಟ ನಾಯಿಯೊಂದು ಸತ್ತಾಗ ಅದರ ಒಡತಿ ಇಡೀ ಅಂಗಳಕ್ಕೆ ಕೇಳುವಂತೆ ಗೋಳಿಟ್ಟು, ನೆರೆಹೊರೆಯೆಂದರೆ ಏನೆಂದು ನಿಮಗೆ ಗೊತ್ತೇ ಎಂದು ಎಲ್ಲರನ್ನೂ ಪ್ರಶ್ನಿಸುತ್ತಾಳೆ. ಆ ಹೆಂಗಸಿನ ಸಾವು ಮಾತ್ರ ಎಲ್ಲರಿಗೂ ಒಂದು ಒಗಟು, ಬಿಡಿಸಿದರೆ ಮುಗಿಯಿತು. ಹಾಸಿಗೆ ಹಿಡಿದವರಿಗೆ ಆ ಕಿಟಕಿ ಬೇರೆಯೇ ರೀತಿ ಕಾಣುತ್ತದೆ. ಅಂದು ರಾತ್ರಿ ಅವಳಿಗೆ ಗಂಜಿ ತಂದುಕೊಡುವಾಗ ತಟ್ಟೆಯ ಭಾರ ನನ್ನ ಕೈಗೆ ಹೊಸದಾಗಿ ತಿಳಿಯಿತು.

ಆ ಪ್ರಶ್ನೆಯ ಬೆಳಕಿನಲ್ಲಿ ಉಂಗುರದ ದೃಶ್ಯವನ್ನು ನೋಡಬೇಕು. ಸಾಕ್ಷ್ಯ ಹುಡುಕಲು ಲೀಸಾ ಕಿಟಕಿ ಹತ್ತಿ ಕೊಲೆಗಾರನ ಮನೆ ಹೊಕ್ಕು ಸಿಕ್ಕಿಬೀಳುತ್ತಾಳೆ. ಪೊಲೀಸರು ಬಂದಾಗ, ಸತ್ತವಳ ಮದುವೆಯ ಉಂಗುರ ತನ್ನ ಬೆರಳಲ್ಲಿರುವುದನ್ನು ಬೆನ್ನ ಹಿಂದೆ ಕೈಯಿಟ್ಟು ಜೆಫ್‌ಗೆ ತೋರಿಸುತ್ತಾಳೆ. ಮದುವೆಯಾಗಲು ಬಯಸಿದವಳ ಬೆರಳಿಗೆ ಬಂದ ಉಂಗುರ ಎಂಥದ್ದು! ಗೆಲುವು ಮತ್ತು ಎಚ್ಚರಿಕೆ ಎರಡೂ ಅದರಲ್ಲಿವೆ. ಅವಳಿಗೆ ಪೆಟ್ಟು ಬೀಳುವಾಗ ಕದಲಲಾರದೆ ನರಳಿದ ಜೆಫ್‌ನ ಮುಖದಲ್ಲಿ ಮೊದಲ ಬಾರಿಗೆ ಪ್ರೀತಿ ಕಾಣುತ್ತದೆ. ಸೇವೆಗಿಂತ ಸಾಹಸಕ್ಕೆ ಅವನು ಮಣಿದ. ಗಂಡಸರ ಸ್ವಭಾವವೇ ಹಾಗಿರಬಹುದು.

ಕೊನೆಯಲ್ಲಿ ಕಿಟಕಿಗಳೆಲ್ಲ ಮತ್ತೊಮ್ಮೆ ಬರುತ್ತವೆ. ನರ್ತಕಿಯ ಪ್ರಿಯಕರ ಸೈನ್ಯದಿಂದ ಮರಳಿದ್ದಾನೆ, ನೋಡಿದರೆ ಸಾಮಾನ್ಯ ಕುಳ್ಳ ಮನುಷ್ಯ. ಬಂದವನೇ ಫ್ರಿಜ್‌ನತ್ತ ನಡೆಯುತ್ತಾನೆ. ಒಂಟಿ ಹೆಂಗಸು ಸಂಗೀತಗಾರನ ಮನೆಯಲ್ಲಿದ್ದಾಳೆ. ಸಾಯಲು ಹೊರಟಿದ್ದ ಅವಳನ್ನು ತಡೆದದ್ದು ಅವನ ರಾಗ, ಆ ಹಾಡಿನ ಹೆಸರು ‘ಲೀಸಾ’. ನವದಂಪತಿಗಳು ಜಗಳ ಆರಂಭಿಸಿದ್ದಾರೆ. ನಾಯಿಯ ಒಡತಿಗೆ ಹೊಸ ಮರಿ ಬಂದಿದೆ. ಥಾರ್ವಾಲ್ಡರ ಮನೆಗೆ ಬಣ್ಣ ಬಳಿಯುತ್ತಿದ್ದಾರೆ.

ಜೆಫ್‌ನ ಎರಡೂ ಕಾಲಿಗೆ ಈಗ ಪ್ಲಾಸ್ಟರ್. ಕಿಟಕಿಗೆ ಬೆನ್ನು ಮಾಡಿ ನಿದ್ರಿಸುತ್ತಿದ್ದಾನೆ. ಬಳಿಯಲ್ಲಿ ಲೀಸಾ ಹಿಮಾಲಯದ ಕುರಿತ ಪುಸ್ತಕವೊಂದನ್ನು ಓದುತ್ತಿದ್ದಾಳೆ. ಅವನು ಮಲಗಿದ್ದಾನೆಂದು ಖಚಿತವಾದೊಡನೆ ಅದನ್ನಿಟ್ಟು ಫ್ಯಾಷನ್ ಪತ್ರಿಕೆ ಕೈಗೆತ್ತಿಕೊಳ್ಳುತ್ತಾಳೆ. ಅವನಿಗಾಗಿ ಸ್ವಲ್ಪ ಬದಲಾಗಿ, ತನ್ನತನವನ್ನೂ ಉಳಿಸಿಕೊಂಡು, ಕದಲಲಾರದವನ ಪಕ್ಕದಲ್ಲಿ ಬೇಸರವಿಲ್ಲದೆ ಕುಳಿತಿದ್ದಾಳೆ. ಎದುರು ಮನೆಯ ಆ ಗಂಡನಿಂದ ಆಗದೆ ಹೋದದ್ದು ಇದೊಂದೇ.