ಮ್ಯಾಲ ಮ್ಯಾಲ, ಕೆಳಗ ಕೆಳಗ

ಸಪ್ತಾಪುರದಲ್ಲಿ ಕೂತು ವಿಡಿಯೋ ಗೇಮಿನ ಬಗ್ಗೆ ಬರೆಯಲು ತುಸು ಧೈರ್ಯ ಬೇಕು. ಧಾರವಾಡವೇ ಓದುವವರ ಊರು. ಅದರಲ್ಲಿ ಸಪ್ತಾಪುರವೆಂದರೆ ಓದುವುದರ ಹೊರತು ಮತ್ತೇನೂ ಮಾಡಬಾರದ ಬಡಾವಣೆ. ಕರ್ನಾಟಕ ಕಾಲೇಜಿನ (ಕೆ.ಸಿ.ಡಿ.) ಕಡೆಯಿಂದ ಸಪ್ತಾಪುರ ಬಾವಿಯತ್ತ ನಡೆದು ಬಂದರೆ ಎರಡೂ ಬದಿ ಕೋಚಿಂಗ್ ಕ್ಲಾಸಿನ ಬೋರ್ಡು, ರೀಡಿಂಗ್ ರೂಮು, ಪಿ.ಜಿ., ಝೆರಾಕ್ಸ್ ಅಂಗಡಿ. ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರುಗಳಿಂದ ಬಂದ ಹುಡುಗ ಹುಡುಗಿಯರು ಒಂದು ಕಾಟು, ಒಂದು ಟೇಬಲ್ಲು ಹಿಡಿದುಕೊಂಡು ವರ್ಷಗಟ್ಟಲೆ ಕೆ.ಎ.ಎಸ್., ಪಿ.ಎಸ್.ಐ. ಎಂದು ತಪಸ್ಸು ಮಾಡುತ್ತಾರೆ. ಇಲ್ಲಿ ಚಹಾದಂಗಡಿಯಲ್ಲಿ ಹೆಸರು ಕೇಳುವ ಮೊದಲು "ಎಷ್ಟನೇ ಅಟೆಂಪ್ಟ್ ಪಾ?" ಎಂದು ಕೇಳುತ್ತಾರೆ. ಐ.ಎ.ಎಸ್. ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರಿಗೆ 6 ಅಟೆಂಪ್ಟು. ಕಾಂಟ್ರಾ ಎಂಬ ವಿಡಿಯೋ ಗೇಮಿನಲ್ಲಿ 3 ಜೀವ. ಕೇಂದ್ರ ಲೋಕಸೇವಾ ಆಯೋಗ ಮತ್ತೂ ಉದಾರಿ ಅಂತ ಹೇಳಬೇಕು.

ಇಂಥ ಓಣಿಯಲ್ಲಿ ತಲೆ ನೆರೆತವನೊಬ್ಬ ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಮಾರಿಯೋ ಆಡುತ್ತಾನೆ ಎಂದರೆ ಹೆಂಡತಿಗೆ ಸಿಟ್ಟು ಬರದೆ ಇದ್ದೀತೆ? "ಓಣ್ಯಾಗಿನ ಹುಡುಗ್ರೆಲ್ಲಾ ಸಾಹೇಬ್ರಾಗಿ ಹ್ವಾದ್ರು. ನೀವು ಇನ್ನೂ ಅಣಬಿ ತಿನ್ಕೋತ ಕುಂತೀರಿ" ಎನ್ನುತ್ತಾಳೆ. ಮಾತು ಸುಳ್ಳಲ್ಲ. ಮಾರಿಯೋ ಅಣಬೆ ತಿಂದೇ ದೊಡ್ಡವನಾಗುವುದು.

ಹಳೆಯ ಆಟಗಳನ್ನು ಹಾಕಿಕೊಟ್ಟವನು ನಮ್ಮ ಅಕ್ಕನ ಮಗ. ಅವನೂ ಇಲ್ಲೇ ರೀಡಿಂಗ್ ರೂಮಿನ ಗಿರಾಕಿ. ನಾನು ಚಿಕ್ಕಂದಿನ ಆಟಗಳನ್ನು ಹೊಗಳಿದ್ದು ಜಾಸ್ತಿಯಾಗಿ, ಅದೇನಿದೆ ನೋಡಿಯೇಬಿಡೋಣ ಎಂದು, ಹಳೆಯ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್ ಇಳಿಸಿದ. ಐದು ನಿಮಿಷ ಆಡಿದವನ ಮೊದಲ ಪ್ರಶ್ನೆ: "ಮಾಮಾ, ಇದರಾಗ ಸೇವ್ ಎಲ್ಲೈತಿ?"

ಸೇವ್ ಇಲ್ಲ. 1985ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟವೇ 40 ಕಿಲೋಬೈಟು. ದಿನಾ ಬೆಳಿಗ್ಗೆ ವಾಟ್ಸ್‌ಆ್ಯಪಿನಲ್ಲಿ ಬರುವ ಶುಭೋದಯದ ಗುಲಾಬಿ ಹೂವು ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲಿ ನಿಂಟೆಂಡೋ ಕಂಪನಿಯ ಶಿಗೆರು ಮಿಯಾಮೊಟೊ ಮತ್ತವರ ಗೆಳೆಯರು 8 ಲೋಕ, ಲೋಕಕ್ಕೆ 4 ಹಂತ ಹಿಡಿಸಿದರು. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇನ್ನು ಆಡುವವನು ಎಲ್ಲಿಗೆ ಬಂದಿದ್ದಾನೆ ಎಂದು ನೆನಪಿಡಲು ಕ್ಯಾಸೆಟ್ಟಿನಲ್ಲಿ ಏನೂ ಇರಲಿಲ್ಲ. ಆಫ್ ಮಾಡಿದಿರೋ, ಮತ್ತೆ ಒಂದನೇ ಲೋಕದ ಒಂದನೇ ಹಂತ.

ನಮ್ಮ ಊರುಗಳಿಗೆ ನಿಂಟೆಂಡೋ ಎಂಬ ಹೆಸರಿನಲ್ಲಿ ಯಾವುದೂ ಬರಲಿಲ್ಲ. ಬಂದದ್ದು ಅದರ ನಕಲುಗಳು. ನಮ್ಮ ಪಾಲಿಗೆ ಎಲ್ಲವೂ ಟಿವಿ ಗೇಮು. ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿರುತ್ತಿತ್ತು, ಒಳಗೆ ತಿರುವಿದರೆ ನಾಲ್ಕಾರು ಆಟಗಳೇ ಮತ್ತೆ ಮತ್ತೆ ಬರುತ್ತಿದ್ದವು. ರಜೆಯಲ್ಲಿ ನಾವು ಟಿವಿ ಗೇಮಿನ ಡಬ್ಬಿಯನ್ನು ಬಾಡಿಗೆಗೆ ತರುತ್ತಿದ್ದೆವು. ಒಬ್ಬನ ಮನೆಯ ಟಿವಿ, ಎಲ್ಲರ ಪಟ್ಟಿ ಕೂಡಿಸಿದ ದುಡ್ಡು, ಆಡುವವರು ಇಬ್ಬರು, ಉಳಿದವರು ಹಿಂದೆ ಕೂತು ಬುದ್ಧಿ ಹೇಳುವವರು. ಏಳನೇ ಲೋಕದ ತನಕ ತಲುಪಿದ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಆಮೇಲಿನ ಮೌನವನ್ನು ಮುರಿಯುತ್ತಿದ್ದದ್ದು ಆ ಮನೆಯ ಅಜ್ಜಿ: "ಚೊಲೋ ಆತು. ಏಳ್ರಿ, ಉಣ್ರಿ." ಬಾಡಿಗೆಯ ತಾಸು ಮಾತ್ರ ಓಡುತ್ತಲೇ ಇರುತ್ತಿತ್ತು.

ಈಗ ತಿಳಿದು ಹೊಟ್ಟೆ ಉರಿಸಿದ ಸಂಗತಿ ಬೇರೆಯೇ ಇದೆ. ಮಾರಿಯೋ ಎಲ್ಲ ಜೀವ ಕಳೆದುಕೊಂಡಾಗ 'ಎ' ಗುಂಡಿ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ, ಸತ್ತ ಲೋಕದ ಮೊದಲ ಹಂತದಿಂದಲೇ ಆಟ ಮುಂದುವರಿಯುತ್ತದಂತೆ. ಅನುಕೂಲ ಆಗಲೂ ಇತ್ತು, ಹೇಳುವವರು ಇರಲಿಲ್ಲ. ಬಾಡಿಗೆ ಡಬ್ಬಿಯ ಜೊತೆ ಕೈಪಿಡಿ ಯಾರು ಕೊಡುತ್ತಾರೆ?

ಕಾಂಟ್ರಾದ ಗುಟ್ಟು ಮಾತ್ರ ಬಾಯಿಂದ ಬಾಯಿಗೆ ಹಬ್ಬಿ ನಮ್ಮ ಓಣಿಗೂ ಬಂದಿತ್ತು. ಮ್ಯಾಲ ಮ್ಯಾಲ, ಕೆಳಗ ಕೆಳಗ, ಎಡಕ ಬಲಕ, ಎಡಕ ಬಲಕ, ಬಿ, ಎ. ಶುರುವಿನ ಪರದೆಯಲ್ಲಿ ಹೀಗೆ ಒತ್ತಿದರೆ ಮೂರು ಜೀವ ಮೂವತ್ತಾಗುತ್ತಿದ್ದವು. ಮಗ್ಗಿ ಬಾರದ ಹುಡುಗನಿಗೂ ಇದು ಬರುತ್ತಿತ್ತು. ಮೊನ್ನೆ ಗುಂಡಿಗಳ ಮೇಲೆ ಬೆರಳಿಟ್ಟಾಗ ತಲೆಗೆ ಮರೆತದ್ದು ಬೆರಳಿಗೆ ನೆನಪಿತ್ತು. ಇದರ ಹಿಂದಿನ ಕತೆ ನನಗೆ ಬಲು ಪ್ರೀತಿಯದು. ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಮನೆಯ ಡಬ್ಬಿಗೆ ಅಳವಡಿಸುತ್ತಿದ್ದರು. ಪರೀಕ್ಷೆ ಮಾಡಲು ತಾವೇ ಆಡಬೇಕಲ್ಲ? ತಾವು ಕಟ್ಟಿದ ಆಟವೇ ಅವರಿಗೆ ಕಷ್ಟವಾಯಿತು. ಬೆರಳಿಗೆ ನೆನಪುಳಿಯುವಂಥ ಒಂದು ಒಳದಾರಿ ಇಟ್ಟುಕೊಂಡರು. ಆಟ ಮಾರಾಟಕ್ಕೆ ಹೋದಾಗಲೂ ಅದು ಒಳಗೇ ಉಳಿಯಿತು. ಮುಂದೆ 1988ರಲ್ಲಿ ಕಾಂಟ್ರಾ ಮನೆಗಳಿಗೆ ಬಂದಾಗ ಅದೇ ಸಾಲು ಮೂವತ್ತು ಜೀವ ಕೊಟ್ಟಿತು. ಹಳೆಯ ಆಟಗಳ ಕಷ್ಟವನ್ನು ಮೀಸೆ ತಿರುವಿ ಹೊಗಳುವವರು ಹಶಿಮೊಟೊ ಅವರನ್ನು ಒಮ್ಮೆ ನೆನೆಯಬೇಕು. ಅವರು 2020ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಕಾಲೇಜಿನ ದಿನಗಳಿಗೆ ಬಂದರೆ ಕಂಪ್ಯೂಟರ್ ಕ್ಲಾಸು. ಹೊರಗೆ ಚಪ್ಪಲಿ ಬಿಡಬೇಕು, ಒಳಗೆ ಎ.ಸಿ. ಇರುತ್ತದೆ ಎಂಬ ಕಾರಣಕ್ಕೇ ಗೌರವ. ಕಲಿಯಬೇಕಾದದ್ದು ಡಾಸು, ವರ್ಡ್‌ಸ್ಟಾರು, ಫಾಕ್ಸ್‌ಪ್ರೊ. ಸರ್ ಚಹಾಕ್ಕೆ ಹೊರಟರೆ ಎಲ್ಲ ಪರದೆಗಳ ಮೇಲೂ ಪ್ರಿನ್ಸ್ ಆಫ್ ಪರ್ಶಿಯಾ. ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ಹುಡುಗ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಜಿಗಿಸಿ, ವಿಡಿಯೋ ತೆಗೆದು, ಒಂದೊಂದೇ ಚೌಕಟ್ಟು ತಿದ್ದಿ ಈ ಆಟ ಮಾಡಿದ. ಆ್ಯಪಲ್ 2 ಯಂತ್ರಕ್ಕೆ 1989ರಲ್ಲಿ ಬಂತು, ಮರುವರ್ಷ ಡಾಸಿಗೆ. ಅದರಲ್ಲಿ ಕನ್ನಡಿಯಿಂದ ಜಿಗಿದು ಬರುವ ನೆರಳು ರಾಜಕುಮಾರನಿದ್ದಾನಲ್ಲ, ಅವನು ಬಡತನದ ಕೂಸು. ಹೊಸ ಎದುರಾಳಿಯ ಚಿತ್ರ ಇಡಲು ಮೆಮೊರಿಯಲ್ಲಿ ಜಾಗವಿರದೆ ರಾಜಕುಮಾರನ ಚಿತ್ರವನ್ನೇ ಸ್ವಲ್ಪ ಸರಿಸಿ, ತನ್ನೊಡನೆ ತಾನೇ ಬೆರೆಸಿ, ಮಿಣುಗುವ ನೆರಳು ಮಾಡಿದರು. ಇಡೀ ಆಟದಲ್ಲಿ ನೆನಪಿನಲ್ಲಿ ಉಳಿಯುವ ಪಾತ್ರ ಅದೇ.

ಅಲ್ಲಿ ಎಷ್ಟು ಸಲ ಬೇಕಾದರೂ ಸಾಯಬಹುದು. ಆದರೆ ರಾಜಕುಮಾರಿಯನ್ನು ಬಿಡಿಸಲು ಇರುವುದು 60 ನಿಮಿಷ. ಸತ್ತಾಗ ಹಂತ ಮೊದಲಿನಿಂದ ಶುರುವಾಗುತ್ತದೆ, ಗಡಿಯಾರ ಶುರುವಾಗುವುದಿಲ್ಲ. ಮೂರನೇ ಹಂತ ಮುಟ್ಟಿದ ಮೇಲೆ ಕಂಟ್ರೋಲ್ ಮತ್ತು ಜಿ ಒತ್ತಿದರೆ ಆಟ ಉಳಿಯುತ್ತದೆ, ಅದರೊಂದಿಗೆ ಹಾಳುಮಾಡಿಕೊಂಡ ಸಮಯದ ಲೆಕ್ಕವೂ ಉಳಿಯುತ್ತದೆ. ಮೊನ್ನೆ ಅಕ್ಕನ ಮಗ ಇದನ್ನು ಎಮ್ಯುಲೇಟರಿನಲ್ಲಿ ಒಂದೇ ಸಂಜೆ ಮುಗಿಸಿದ. ಮೊಳೆಗಳ ಮೇಲೆ ಬಿದ್ದರೆ ಒಂದು ಗುಂಡಿ, ರಾಜಕುಮಾರ ಹಿಂದುಹಿಂದಕ್ಕೆ ಓಡಿ ಮತ್ತೆ ಮೇಲೆ ನಿಲ್ಲುತ್ತಾನೆ. ಗಡಿಯಾರವೂ ಅವನ ಜೊತೆಗೇ ಹಿಂದಕ್ಕೆ ಹೋಗುತ್ತದೆ.

"ಹೆಂಗಿತ್ತೋ?" ಎಂದೆ.

"ಏನೈತಿ ಮಾಮಾ, ಓಡೂದು, ಜಿಗಿಯೂದು. ಇದಕ್ಕ ನೀವು ಇಷ್ಟ್ಯಾಕ ಹಚ್ಗೊಂಡಿದ್ರಿ?"

ಅವನು ಹೇಳಿದ್ದು ಸರಿಯೇ. ಗಡಿಯಾರ ತೆಗೆದ ಮೇಲೆ ಆ ಆಟದಲ್ಲಿ ಓಡುವುದು ಜಿಗಿಯುವುದೇ ಉಳಿಯುತ್ತದೆ. ನಾವು ಹೆದರಿದ್ದು ಮೊಳೆಗಲ್ಲ, ವ್ಯರ್ಥವಾದ ಎರಡು ನಿಮಿಷಕ್ಕೆ. ಹಾಗೆಂದು ಹಿಂದಕ್ಕೆ ತಿರುಗಿಸುವುದೇ ಕೆಟ್ಟದ್ದೆಂದೇನೂ ಅಲ್ಲ. 2003ರಲ್ಲಿ ಬಂದ ಪ್ರಿನ್ಸ್ ಸರಣಿಯ ಸ್ಯಾಂಡ್ಸ್ ಆಫ್ ಟೈಮ್‌ನಲ್ಲಿ ರಾಜಕುಮಾರನ ಕಠಾರಿಗೆ ಕಾಲ ಹಿಂದೆ ಸರಿಸುವ ಶಕ್ತಿ ಇದೆ, ಮೆಕ್ನರ್ ಅವರೇ ಅದರ ಕತೆ ಬರೆದವರು. ಅಲ್ಲಿ ಕಠಾರಿಯೊಳಗಿನ ಮರಳು ಲೆಕ್ಕದ್ದು. ಮರಳು ತೀರಿದರೆ ಸಾವು ಸಾವೇ. ಎಮ್ಯುಲೇಟರಿನ ಗುಂಡಿಗೆ ಈ ಮರಳಿನ ಹಂಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯದೆಲ್ಲ ಹೊನ್ನು ಎನ್ನುವವರ ಸಾಲಿಗೆ ನನ್ನನ್ನೂ ಸೇರಿಸಿಬಿಡುತ್ತೀರಿ. ಆ ಸಾಲಿನಿಂದ ನನ್ನನ್ನು ಎಳೆದು ಹೊರಹಾಕಿದ್ದು ಏಜ್ ಆಫ್ ಎಂಪಾಯರ್ಸ್.

1997ರಲ್ಲಿ ಬಂದ ಈ ಆಟ ನಮಗೆ ಸಿಕ್ಕಿದ್ದು ಕೆಲ ವರ್ಷ ತಡೆದು, ಸೈಬರ್ ಕೆಫೆಯಲ್ಲಿ. ಕಟ್ಟಿಗೆ ಕಡಿ, ಕಲ್ಲು ಒಡೆ, ಊರು ಕಟ್ಟು, ಪಕ್ಕದ ಕಂಪ್ಯೂಟರಿನಲ್ಲಿ ಕೂತ ಗೆಳೆಯನ ಊರು ಸುಡು. ನಮ್ಮ ಗುಂಪಿನಲ್ಲಿ ನವಲಗುಂದದ ಕಡೆಯ ಒಬ್ಬನಿದ್ದ, ಎರಿ ಹೊಲದ ಮನೆತನದವನು. ಈ ಆಟದಲ್ಲಿ ಹೊಲ ಮಾಡಲು 75 ಕಟ್ಟಿಗೆ ಕೊಡಬೇಕು, ಒಂದಿಷ್ಟು ಕಾಳು ಕೊಟ್ಟ ಮೇಲೆ ಹೊಲ ಮುಗಿದು ಮಾಯವಾಗುತ್ತದೆ. ಅವನು ಮೊದಲ ದಿನವೇ ಕುರ್ಚಿ ಹಿಂದೆ ತಳ್ಳಿ ಎದ್ದ: "ಯಾವಲೇ ಇದನ್ನ ಮಾಡಿದಾಂವಾ? ಹೊಲಾ ಎಲ್ಲೆರೆ ಮುಗೀತಾವೇನು? ಬಿತ್ತಾಕ ಬೀಜ ಕೇಳಂಗಿಲ್ಲ, ಕಟಗಿ ಕೇಳ್ತಾನ!"

ಹೊಲ ಮುಗಿದರೆ ಆಟ ನಿಮಗೆ ಹೇಳುತ್ತಲೂ ಇರಲಿಲ್ಲ. ರೈತ ಬರಿದಾದ ನೆಲದ ಮೇಲೆ ಕೈಕಟ್ಟಿ ನಿಂತಿರುತ್ತಿದ್ದ. ನೀವು ಅತ್ತ ದಂಡು ನಡೆಸುತ್ತಿದ್ದೀರಿ, ಇತ್ತ ಊರಿನಲ್ಲಿ ಅನ್ನವಿಲ್ಲ. ಒಬ್ಬ ರೈತ ಹುಟ್ಟಿದ ಮೇಲೆ ಮುಂದಿನವನಿಗೆ ಮತ್ತೆ ಒತ್ತಬೇಕು. ಹತ್ತು ಕುದುರೆಗಳನ್ನು ಹೊಳೆ ದಾಟಿಸಿ ಎಂದರೆ ಎಂಟು ದಾಟುತ್ತಿದ್ದವು, ಎರಡು ಕಾಡಿನ ಮೂಲೆಯಲ್ಲಿ ಮರಕ್ಕೆ ಮೂತಿ ಹಚ್ಚಿ ನಿಲ್ಲುತ್ತಿದ್ದವು.

ಮಾಡಿದವರೂ ಈ ಗೋಳು ಕೇಳಿಸಿಕೊಂಡರು. ಮರುವರ್ಷ ಇದರ ವಿಸ್ತರಣೆ ರೈಸ್ ಆಫ್ ರೋಮ್ ಬಂದಾಗ ರೈತರನ್ನು ಸರದಿಯಲ್ಲಿ ಹಚ್ಚಿಡಲು ಬಂತು. 1999ರ ಎರಡನೇ ಆಟದಲ್ಲಿ ಸುಮ್ಮನೆ ನಿಂತ ರೈತನನ್ನು ಹುಡುಕಿ ತೋರಿಸುವ ಗುಂಡಿ. 2000ದಲ್ಲಿ ಬಂದ ಅದರ ವಿಸ್ತರಣೆ ಕಾಂಕರರ್ಸ್‌ನಲ್ಲಿ ಗಿರಣಿಗೆ ಮುಂಗಡ ಕಟ್ಟಿಗೆ ಕೊಟ್ಟಿಟ್ಟರೆ ಹೊಲ ಮತ್ತೆ ಬಿತ್ತಿಕೊಳ್ಳುವ ಏರ್ಪಾಡು. 2019ರ ನವೆಂಬರಿನಲ್ಲಿ ಈ ಎರಡನೇ ಆಟದ ಡೆಫಿನಿಟಿವ್ ಎಡಿಷನ್ ಬಂದಾಗ ಮುಂಗಡವೂ ಬೇಡವಾಯಿತು: ಒಂದು ಸಲ ಗುಂಡಿ ಒತ್ತಿದರೆ, ಕಟ್ಟಿಗೆ ಇರುವ ತನಕ ಹೊಲಗಳು ತಾವೇ ಬಿತ್ತಿಕೊಳ್ಳುತ್ತವೆ. ಇಪ್ಪತ್ತೆರಡು ವರ್ಷ ಹಿಡಿಯಿತು ಒಂದು ಹೊಲ ಹಸನಾಗಲು. ನಮ್ಮ ನೀರಾವರಿ ಯೋಜನೆಗಳಿಗೆ ಹೋಲಿಸಿದರೆ ಇದು ಲಗುನೇ ಆಯಿತು ಬಿಡಿ.

ಈ ಹೊಸದನ್ನು ಆಡಿದ ಮೇಲೆ 1997ರದ್ದಕ್ಕೆ ಮರಳಿ ಹೋದೆ. ಒಂದು ಸಂಜೆ ಸಾಕಾಯಿತು. ಹೊಲ ಕಟ್ಟುವುದು, ಕುದುರೆ ಹುಡುಕುವುದು, ಇದರಲ್ಲಿ ಯಾವ ಚತುರಾಯಿಯೂ ಇಲ್ಲ, ಇದು ಗುಮಾಸ್ತಿಕೆ. ಗುಮಾಸ್ತಿಕೆ ತೆಗೆದರೂ ಆಟ ಇದ್ದಲ್ಲೇ ಇದೆ. ಯಾವಾಗ ಕೋಟೆ ಕಟ್ಟಬೇಕು, ಯಾವಾಗ ನುಗ್ಗಬೇಕು ಎಂಬ ಚಿಂತೆ ಅಂದಿನಷ್ಟೇ ಇದೆ, ನನ್ನ ಊರು ಅಂದಿನಂತೆಯೇ ಇಂದೂ ಸುಡುತ್ತದೆ. ಪ್ರಿನ್ಸ್‌ನಲ್ಲಿ ಗಡಿಯಾರ ತೆಗೆದರೆ ಆಟವೇ ಹೋಯಿತು. ಇಲ್ಲಿ ದುಡಿಮೆ ತೆಗೆದರೂ ಆಟ ಉಳಿಯಿತು. ಯಾವ ಅನುಕೂಲ ಒಳ್ಳೆಯದು, ಯಾವುದು ಅಲ್ಲ ಎಂದು ಅಕ್ಕನ ಮಗನೊಂದಿಗೆ ವಾದಕ್ಕೆ ಬಿದ್ದಾಗಲೆಲ್ಲ ನಾನು ಹಿಡಿಯುವ ಅಳತೆಗೋಲು ಇದೊಂದೇ. ಅವನು ಇನ್ನೂ ಒಪ್ಪಿಲ್ಲ. ರೀಡಿಂಗ್ ರೂಮಿನಿಂದ ಸೋತು ಸುಣ್ಣವಾಗಿ ಬಂದವನಿಗೆ ಆಟದಲ್ಲೂ ಗಡಿಯಾರ ಯಾಕೆ ಎಂಬುದು ಅವನ ವಾದ. ಅದನ್ನು ತಳ್ಳಿಹಾಕುವ ಮಾತು ನನ್ನ ಹತ್ತಿರ ಇಲ್ಲ.

ನಿಮ್ಮಲ್ಲಿ ಯಾರಿಗಾದರೂ ಹಳೆಯ ಆಟಗಳ ಹಂಬಲ ಹುಟ್ಟಿದ್ದರೆ ನನ್ನ ಶಿಫಾರಸು ಇಷ್ಟು. ಏಜ್ ಆಫ್ ಎಂಪಾಯರ್ಸ್ ಆಡುವುದಾದರೆ 2019ರದ್ದನ್ನೇ ಆಡಿ, ಹೊಲದ ಗುಂಡಿ ಮೊದಲು ಒತ್ತಿಬಿಡಿ. ಪ್ರಿನ್ಸ್ ಆಫ್ ಪರ್ಶಿಯಾವನ್ನು ಇದ್ದಹಾಗೆಯೇ ಆಡಿ, ಹಿಂದಕ್ಕೆ ಓಡಿಸುವ ಗುಂಡಿಯ ತಂಟೆಗೆ ಹೋಗಬೇಡಿ. ಮಾರಿಯೋದಲ್ಲಿ 'ಎ' ಹಿಡಿದು ಸ್ಟಾರ್ಟ್ ಒತ್ತಲು ಮರೆಯಬೇಡಿ. ಕಾಂಟ್ರಾಕ್ಕೆ ಮೂವತ್ತು ಜೀವ ಸಂಕೋಚವಿಲ್ಲದೆ ತೆಗೆದುಕೊಳ್ಳಿ, ಆದರೆ ಒಬ್ಬರೇ ಆಡಬೇಡಿ. ಜಲಪಾತದ ಹಂತದಲ್ಲಿ ಒಬ್ಬ ಅವಸರದಿಂದ ಮೇಲೆ ಹತ್ತಿದರೆ ಪರದೆ ಅವನ ಜೊತೆ ಏರಿ ಕೆಳಗೆ ಉಳಿದವನು ಸಾಯುತ್ತಾನೆ. ಅಲ್ಲಿ ಬೈಸಿಕೊಳ್ಳಲು ಮಗ್ಗುಲಲ್ಲಿ ಇನ್ನೊಬ್ಬರು ಬೇಕು.