ಹತ್ತನ್ನು ಒಂದೆಂದು ಓದಿದ ಉಪಕರಣ

ಹೈದರಾಬಾದಿನ ಮೆಹದಿಪಟ್ಟಣಂನಿಂದ ಗಚ್ಚಿಬೌಲಿಯ ಕಡೆಗೆ ಬೆಳಿಗ್ಗೆ ಕಿಕ್ಕಿರಿದು ಹೊರಡುವ ಬಸ್ಸುಗಳಲ್ಲಿ ನಿಂತೇ ಪ್ರಯಾಣಿಸುವ ನಮ್ಮ ಬೀದರ, ಕಲಬುರಗಿ ಸೀಮೆಯ ತರುಣರಲ್ಲಿ ಕೆಲವರ ವೃತ್ತಿಯು, ಒಂದು ಗಣಕವ್ಯವಸ್ಥೆಗೆಂದು ರಚಿತವಾದ ಉಪಕರಣಗಳನ್ನು ಮತ್ತೊಂದರ ನೂತನ ಆವೃತ್ತಿಯ ಮೇಲೆ ಪರೀಕ್ಷಿಸುವುದಾಗಿದೆ. ಇದು ಶುಷ್ಕ ಕಾರ್ಯವೆಂದು ಹೊರಗಿನವರು ಭಾವಿಸುವುದುಂಟು. ಆದರೆ 2014ರ ಅಕ್ಟೋಬರಿನಲ್ಲಿ ಆ್ಯಪಲ್ ಸಂಸ್ಥೆಯು ತನ್ನ ಮ್ಯಾಕ್ ಗಣಕವ್ಯವಸ್ಥೆಯ ಯೊಸೆಮಿಟಿ ಎಂಬ 10.10ನೆಯ ಆವೃತ್ತಿಯನ್ನು ಹೊರತಂದಾಗ ನಡೆದ ಪ್ರಸಂಗವನ್ನು ನೋಡಿ. ಯುನಿಕ್ಸ್ ಪರಂಪರೆಯ ಅನೇಕ ಮುಕ್ತ ತಂತ್ರಾಂಶಗಳೊಡನೆ ಬರುವ ಲೈಬ್ರರಿಗಳನ್ನು ಕಟ್ಟಲು ನೆರವಾಗುವ ಲಿಬ್‌ಟೂಲ್ ಎಂಬ ಸಾಧನವು, ಚುಕ್ಕೆಯ ಅನಂತರದ ಮೊದಲ ಅಂಕಿಯನ್ನಷ್ಟೇ ನೋಡಿ ವ್ಯವಸ್ಥೆಯ ವಯಸ್ಸನ್ನು ನಿರ್ಣಯಿಸುತ್ತಿದ್ದುದರಿಂದ, ಹೊಚ್ಚಹೊಸ 10.10 ಅದರ ಕಣ್ಣಿಗೆ 2001ರ 10.1 ಆಗಿ ಗೋಚರಿಸಿತು. ತತ್ಫಲವಾಗಿ, ಎಲ್ಲ ಲೈಬ್ರರಿಗಳೊಳಗಿನ ಹೆಸರುಗಳನ್ನೂ ಒಂದೇ ರಾಶಿಗೆ ಸುರಿಯುವ, ಸಿಗದ ಹೆಸರಿನ ವಿಷಯದಲ್ಲಿ ಚಕಾರವೆತ್ತದ ಹಳೆಯ ವಿಧಾನವನ್ನೇ ಅದು ಅವಲಂಬಿಸಿತು. ಕಂಪೈಲ್ ಮಾಡುವಾಗ ಎಲ್ಲವೂ ನಿರ್ವಿಘ್ನವೆಂದೇ ತೋರುವುದು. ದೋಷವು ತಲೆಯೆತ್ತುವುದು ಅನಂತರ, ಓಡಿಸಿದಾಗ. 2020ರಲ್ಲಿ ಬಿಗ್ ಸರ್ ಆವೃತ್ತಿಯು 11 ಎಂಬ ಸಂಖ್ಯೆಯನ್ನು ಧರಿಸಿ ಬಂದಾಗಲಂತೂ, ಹಳೆಯ ತಂತ್ರಾಂಶಗಳು ತಬ್ಬಿಬ್ಬಾಗದಿರಲೆಂದು, ಅವು ಕೇಳಿದಾಗ ತನ್ನನ್ನು 10.16 ಎಂದು ಹೇಳಿಕೊಳ್ಳುವ ಏರ್ಪಾಡನ್ನು ಆ್ಯಪಲ್ ಸಂಸ್ಥೆಯೇ ಮಾಡಬೇಕಾಯಿತು. (ವಯಸ್ಸನ್ನು ಮರೆಮಾಚುವ ಚಾಪಲ್ಯ ಮನುಷ್ಯರಿಗಷ್ಟೇ ಮೀಸಲೆಂದು ತಿಳಿದಿದ್ದೆವು!) ಆದುದರಿಂದ, ಕಂಪೈಲ್ ಆಯಿತೆಂಬ ಸಂದೇಶವನ್ನು ಕಂಡೊಡನೆಯೇ ಪರೀಕ್ಷೆ ಮುಗಿಯಿತೆಂದು ವರದಿ ಬರೆದುಬಿಡುವ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ: ಸಹಿ ಹಾಕುವ ಮುನ್ನ ದಯಮಾಡಿ ಆ ಉಪಕರಣವನ್ನು ಒಮ್ಮೆ ಓಡಿಸಿಯೂ ನೋಡಿರಿ.